ಅತ್ತೆಯ ಸಹಿ

“ಓದು. ಓದದೆ ಸಹಿ ಹಾಕೋಕೆ ನಾನೇನು ನಿನ್ನ ಮಾವನಾ?”

ಇಷ್ಟು ಹೇಳಿ ಅತ್ತೆ ಇಸ್ತ್ರಿ ಪೆಟ್ಟಿಗೆಯನ್ನು ಕಬ್ಬಿಣದ ತಟ್ಟೆಯ ಮೇಲೆ ಕುಕ್ಕಿದ ರಭಸಕ್ಕೆ ಲಾಂಡ್ರಿಯ ಹಿಂಕೋಣೆಯಲ್ಲಿ ನೇತಾಡುತ್ತಿದ್ದ ಹ್ಯಾಂಗರುಗಳೆಲ್ಲ ಒಮ್ಮೆಗೇ ಗಡಗಡ ನಡುಗಿದವು. ಬೀದಿಯ ಆ ತುದಿಯ ಗಡಿಯಾರದಂಗಡಿಯಲ್ಲಿ ಎಂದೋ ನಿಂತುಹೋಗಿದ್ದ ಗಡಿಯಾರವೊಂದು ಆ ಸದ್ದಿಗೆ ಬೆಚ್ಚಿ ಮತ್ತೆ ನಡೆಯತೊಡಗಿತಂತೆ. ನಂಬದವರು ಆ ಅತ್ತೆಯನ್ನು ಕಂಡವರಲ್ಲ, ಅಷ್ಟೇ.

ಸೊಸೆ ಅರ್ಜಿಯ ಹಾಳೆಗಳನ್ನು ಅಂಚಿನಲ್ಲಷ್ಟೇ ಹಿಡಿದು ನಿಂತಿದ್ದಳು. ಅಂಗೈ ಬೆವರಿ ಬೆವರಿ, ಇನ್ನಷ್ಟು ಹೊತ್ತು ಹಿಡಿದಿದ್ದರೆ ಅಕ್ಷರಗಳೆಲ್ಲ ಕೈಗೇ ಅಂಟಿಕೊಂಡು ಬರುತ್ತಿದ್ದವು. ಅದು ಸರ್ಕಾರದ ಪದವೀಧರ ತರಬೇತಿ ಯೋಜನೆಯ ಅರ್ಜಿ. ಪದವಿ ಮುಗಿಸಿದವರಲ್ಲಿ ಕೆಲವರನ್ನು ಆರಿಸಿ, ಇಲಾಖೆಯಿಂದ ಇಲಾಖೆಗೆ ಓಡಾಡಿಸಿ, ಕೆಲಸ ಕಲಿಸಿ, ಕೊನೆಗೆ ಅಧಿಕಾರಿಯ ಕುರ್ಚಿಯಲ್ಲಿ ಕೂರಿಸುವ ಯೋಜನೆ. ಅವಳ ವಯಸ್ಸಿಗೆ ಇದೇ ಕೊನೆಯ ಅವಕಾಶ. ಇಂದು ಸಂಜೆ ಕಚೇರಿಯ ಕಿಟಕಿ ಮುಚ್ಚಿದರೆ ಅವಳ ಪಾಲಿಗೆ ಅದು ಮತ್ತೆ ತೆರೆಯುವುದಿಲ್ಲ. ಎಲ್ಲ ತುಂಬಿಯಾಗಿತ್ತು, ಬಾಕಿ ಇದ್ದದ್ದು ಒಂದೇ ಒಂದು ಸಾಲು. ಅಭ್ಯರ್ಥಿ ಯಾರ ಕೈಕೆಳಗೆ ಕೆಲಸ ಮಾಡಿದ್ದಾರೋ ಆ ಮೇಲ್ವಿಚಾರಕರು ಉತ್ತರಗಳನ್ನೆಲ್ಲ ಓದಿ, ಇದು ನಿಜವೆಂದು ಸಹಿ ಮಾಡತಕ್ಕದ್ದು. ಮದುವೆಯಾಗಿ ಬಂದ ಮರುದಿನದಿಂದ ಅವಳು ಬೆನ್ನು ಬಗ್ಗಿಸಿ ದುಡಿದದ್ದು ಈ ಲಾಂಡ್ರಿಯಲ್ಲಿ. ಲಾಂಡ್ರಿ ಇದ್ದದ್ದು ಅತ್ತೆಯ ಹೆಸರಿನಲ್ಲಿ. ಸರ್ಕಾರವೇ ಮುತುವರ್ಜಿ ವಹಿಸಿ ಸೊಸೆಯ ಜುಟ್ಟನ್ನು ಅತ್ತೆಯ ಕೈಗೆ ಕೊಟ್ಟಂತಾಗಿತ್ತು.

ಆ ಬೀದಿಯಲ್ಲಿ ಅತ್ತೆಯನ್ನು ಇಸ್ತ್ರಿ ಮಹಾರಾಣಿ ಎಂದು ಕರೆಯುತ್ತಿದ್ದರು, ಅವಳಿಗೆ ಕೇಳಿಸದಂತೆ. ಅವಳು ಎಳೆದ ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ಅವಳು ಗಂಜಿ ಹಾಕಿಕೊಟ್ಟ ಅಂಗಿ ತೊಟ್ಟ ಬ್ಯಾಂಕ್ ಮ್ಯಾನೇಜರೊಬ್ಬರು ಬಗ್ಗಿ ಕೂರಲಾಗದೆ ಇಡೀ ದಿನ ನಿಂತೇ ಲೆಕ್ಕ ನೋಡಿದರಂತೆ. ಬೈಗುಳವನ್ನೂ ಅವಳು ಹಾಗೆಯೇ ಗಂಜಿ ಹಾಕಿ, ಗೆರೆ ಎಳೆದು, ಮಡಿಸಿ ಕೈಗಿಡುತ್ತಿದ್ದಳು. ಮಾವ ಬಟ್ಟೆ ಒಗೆಯುವ ದೊಡ್ಡ ಡ್ರಮ್ಮಿನ ಪಕ್ಕದಲ್ಲೇ ಆಯುಷ್ಯ ಕಳೆದವನು. ಅದರ ಗುಡುಗಿಗೆ ಕಿವಿ ಮಂದವಾಗಿತ್ತು. ತನಗೆ ಬೇಕಾದದ್ದು ಮಾತ್ರ ಹೇಗೋ ಕೇಳಿಸುತ್ತಿತ್ತು. ಗಂಡ ಸ್ಕೂಟರಿನಲ್ಲಿ ಮನೆಮನೆಗೆ ಬಟ್ಟೆ ತಲುಪಿಸುವವನು. ತಾಯಿಯ ಎದುರು ಅವನ ಬಾಯಿಂದ ಮಾತು ಹೊರಡುವುದೆಂದರೆ ಒದ್ದೆ ಕಂಬಳಿ ಹಿಂಡಿದ ಹಾಗೆ. ಎಷ್ಟು ತಿರುಚಿದರೂ ನಾಲ್ಕು ಹನಿ.

ಇನ್ನು ಆ ಕೋಟಿನ ವಿಚಾರ. ಅದನ್ನು ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ತಲೆಬುಡ ಇರುವುದಿಲ್ಲ. ಹಿಂದಿನ ವರ್ಷ ವಕೀಲರೊಬ್ಬರ ಕರಿ ಕೋಟಿನ ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆಯ ಮೂತಿ ಅಚ್ಚೊತ್ತಿದಂತೆ ಸುಟ್ಟು ಕೂತಿತು. ವಕೀಲರು ಬಂದು, ಕೋಟನ್ನು ಎತ್ತಿ ಹಿಡಿದು, ಆ ಕಲೆಯ ಸುತ್ತ ಬೆರಳಾಡಿಸುತ್ತ, ಕೋರ್ಟಿನಲ್ಲಿ ಕೊಲೆಗಾರನನ್ನು ಕೇಳುವ ದನಿಯಲ್ಲಿ ಇದು ಯಾರ ಕೆಲಸ ಎಂದು ಕೇಳಿದರು. ಅಂಗಡಿ ತುಂಬ ಗಿರಾಕಿಗಳು. ಅತ್ತೆ ಕಣ್ಣು ಮಿಟುಕಿಸದೆ, ನನ್ನ ಸೊಸೇದು, ಅವಳಿಗೆ ಕೆಲಸದ ಮೇಲೆ ಗಮನ ಇಲ್ಲ ಎಂದುಬಿಟ್ಟಳು. ಸೊಸೆ ತಲೆ ತಗ್ಗಿಸಿದಳು. ಅಂದಿನಿಂದ ಇಸ್ತ್ರಿ ಮೇಜಿನ ಬಳಿ ಅವಳಿಗೆ ಜಾಗವಿಲ್ಲ. ಹಿಂದಿನ ಮೇಜಿನಲ್ಲಿ ಮಡಿಸುವುದು, ಕಾಗದ ಸುತ್ತುವುದು, ಅಷ್ಟೇ. ಗಂಡ ನಂಬಿದ. ಮಾವ ನಂಬಿದ. ಬೀದಿಗೆ ಬೀದಿಯೇ ನಂಬಿತು. ಆ ಹೊತ್ತಿನಲ್ಲಿ ಪೆಟ್ಟಿಗೆ ಯಾರ ಕೈಯಲ್ಲಿತ್ತು ಎಂಬುದು ಇಬ್ಬರಿಗೆ ಮಾತ್ರ ಗೊತ್ತಿತ್ತು, ಅತ್ತೆಗೆ ಮತ್ತು ಸೊಸೆಗೆ.

ಅತ್ತೆಯ ಕಣ್ಣು ಮಂಜಾಗುತ್ತಿತ್ತು. ಬಿಳಿ ಅಂಗಿಯ ಮೇಲೆ ಬಿಳಿ ಗುಂಡಿ ಕಾಣುತ್ತಿರಲಿಲ್ಲ, ಕರಿ ಬಟ್ಟೆಯ ಮೇಲೆ ಗೆರೆ ಕಾಣುತ್ತಿರಲಿಲ್ಲ. ಸೊಸೆ ಮಡಿಸುವ ನೆಪದಲ್ಲಿ ಅತ್ತೆ ಇಸ್ತ್ರಿ ಹಾಕಿದ ಪ್ರತಿ ಬಟ್ಟೆಯನ್ನೂ ಇನ್ನೊಮ್ಮೆ ಬಿಚ್ಚಿ, ಸಣ್ಣ ಪೆಟ್ಟಿಗೆಯಲ್ಲಿ ಸದ್ದಾಗದಂತೆ ತಿದ್ದಿ ಕಳಿಸುತ್ತಿದ್ದಳು. ಇಸ್ತ್ರಿ ಮಹಾರಾಣಿಯ ಕೀರ್ತಿ ಒಂದಿಷ್ಟೂ ಸುಕ್ಕಾಗಲಿಲ್ಲ. ಸಂಜೆ ಬಾಗಿಲು ಹಾಕಿದ ಮೇಲೆ ಅತ್ತೆ ಏನೂ ಮಾತಾಡದೆ ಎಡಗೈ ಚಾಚುತ್ತಿದ್ದಳು. ಮುಂಗೈಯಿಂದ ಮೊಣಕೈವರೆಗೆ ಹೊಸ ಹೊಸ ಸುಟ್ಟ ಬರೆಗಳು. ಸೊಸೆ ಏನೂ ಕೇಳದೆ ಮುಲಾಮು ಹಚ್ಚುತ್ತಿದ್ದಳು. ಯಾರಾದರೂ ಕೇಳಿದರೆ ಅಡುಗೆ ಒಲೆ ಎಂದು ಅತ್ತೆ ಹೇಳುತ್ತಿದ್ದಳು. ಆ ಮನೆಯ ಒಲೆ ಅಷ್ಟು ದುಷ್ಟವಾಗಿದ್ದರೆ ಅದನ್ನು ಪೊಲೀಸರಿಗೆ ಒಪ್ಪಿಸಬೇಕಿತ್ತು.

ಇಂಥ ಮನೆಯಲ್ಲಿ ಕುಳಿತು ಸೊಸೆ ಅರ್ಜಿ ತಯಾರಿಸಿದ್ದು. ಮೊದಲು ಬರೆದದ್ದೆಲ್ಲ ದೊಡ್ಡ ದೊಡ್ಡ ಮಾತು. ಅವಿರತ ಪರಿಶ್ರಮ, ಅಚಲ ನಿಷ್ಠೆ, ಸಮಾಜದ ಸರ್ವತೋಮುಖ ಏಳಿಗೆ... ಓದಿದರೆ ಅವಳಿಗೇ ಆಕಳಿಕೆ ಬರುತ್ತಿತ್ತು. ಯೋಜನೆಯವರು ಕೊಟ್ಟ ಕೈಪಿಡಿಯಲ್ಲಿ ಹೀಗೆ ಬರೆದವರ ಅರ್ಜಿಗಳನ್ನು ಪಕ್ಕಕ್ಕಿಡುತ್ತೇವೆ ಎಂದು ಖಡಾಖಂಡಿತವಾಗಿ ಹೇಳಿತ್ತು. ಏನಾಯಿತು, ನೀವು ಏನು ಮಾಡಿದಿರಿ, ಅದರಿಂದ ಏನು ಬದಲಾಯಿತು, ಈ ಮೂರನ್ನು ಹೇಳಿ, ಬೇರೇನೂ ಬೇಡ ಎಂದಿತ್ತು. ಅವಳು ಹರಿದೆಸೆದಳು, ಮತ್ತೆ ಬರೆದಳು, ಮತ್ತೆ ಹರಿದಳು. ಗುಂಡಿ ಹೊಲಿಯುವಾಗ ಬರೆದಳು, ಅನ್ನ ಬೇಯುವಾಗ ಬರೆದಳು, ನಿದ್ದೆಯಲ್ಲಿ ಗಂಡನ ಬೆನ್ನ ಮೇಲೆ ಬೆರಳಿನಲ್ಲಿ ಬರೆದಳು. ಅವಳು ಹರಿದ ಕಾಗದಗಳನ್ನು ಒಟ್ಟಿದ್ದರೆ ಲಾಂಡ್ರಿಯ ಮಾಡಿಗೆ ಇನ್ನೊಂದು ಅಂತಸ್ತು ಏರಿಸಬಹುದಿತ್ತು. ಮಾವ ತನ್ನ ಪಾಲಿನ ಸಲಹೆಯಾಗಿ, ನಮ್ಮ ಡ್ರಮ್ಮಿನಲ್ಲಿ ಒಮ್ಮೆ ಮಂತ್ರಿಯ ಟವೆಲು ಒಗೆದಿದ್ದನ್ನು ತಪ್ಪದೆ ಸೇರಿಸು ಎಂದ. ಗಂಡ ಪ್ರತಿ ಸಾಲಿನ ಕೊನೆಗೂ ‘ಅತ್ಯಂತ’ ಹಾಕಿದರೆ ಹೇಗೆ ಎಂದು ಕೇಳಿದ.

ಎಲ್ಲ ಪ್ರಶ್ನೆ ದಾಟಿದರೂ ಒಂದರ ಮುಂದೆ ಅವಳು ದಿನಗಟ್ಟಲೆ ಕಾಲು ಸುಟ್ಟ ಬೆಕ್ಕಿನಂತೆ ಸುತ್ತಿದಳು. ಕೆಲಸದಲ್ಲಿ ನೀವು ಸೋತ ಒಂದು ಸಂದರ್ಭ ಹೇಳಿ, ಅದರಿಂದ ಏನು ಕಲಿತಿರಿ? ಬೇರೇನೂ ತೋಚದೆ ಅವಳು ಕೋಟನ್ನು ಬರೆದಳು. ಹೇಗೂ ಊರೆಲ್ಲ ಅವಳೇ ಸುಟ್ಟಳೆಂದು ನಂಬಿದೆ. ಅತ್ತೆಯೂ ಖುಷಿಯಿಂದಲೇ ಸಹಿ ಹಾಕಿಯಾಳು.

ಈಗ ಆ ಅತ್ತೆ ಓದು ಎಂದು ಕೂತಿದ್ದಾಳೆ. ತಾನೇ ಓದಲಾಗದು ಎಂಬುದನ್ನು ದರ್ಬಾರಿನ ಗತ್ತಿನಲ್ಲಿ ಮುಚ್ಚಿಕೊಂಡು.

ಮಾವ ಡ್ರಮ್ಮು ನಿಲ್ಲಿಸಿದ. ಗಂಡ ಎರಡೂ ಕೈಯಲ್ಲಿ ಹ್ಯಾಂಗರು ಹಿಡಿದು ಬಾಗಿಲಲ್ಲಿ ನಿಂತ. ಸೊಸೆ ಓದತೊಡಗಿದಳು. ಆಸ್ಪತ್ರೆಯ ನಿಲುವಂಗಿಗಳೂ ಹೋಟೆಲಿನ ಮೇಜುಬಟ್ಟೆಗಳೂ ಕಲಸಿಹೋಗಿ, ಶಸ್ತ್ರಚಿಕಿತ್ಸೆಯ ಕೋಣೆಗೆ ಹೂವಿನ ಅಂಚಿನ ಬಟ್ಟೆ ತಲುಪಿ ರಂಪವಾದದ್ದು; ಅವಳು ಒಂದೊಂದು ಗಿರಾಕಿಗೆ ಒಂದೊಂದು ಬಣ್ಣದ ದಾರ ಗೊತ್ತುಮಾಡಿ ಒಳಮಡಿಕೆಯಲ್ಲಿ ಹೊಲಿದದ್ದು; ಆಮೇಲೆ ಒಂದು ಕರವಸ್ತ್ರವೂ ದಾರಿ ತಪ್ಪದಿದ್ದದ್ದು. ಅತ್ತೆ ‘ಹೂಂ’ ಎಂದಳು. ಕಷ್ಟದ ವ್ಯಕ್ತಿಯೊಬ್ಬರ ಜತೆ ಕೆಲಸ ಮಾಡಿದ್ದೀರಾ ಎಂಬ ಪ್ರಶ್ನೆಗೆ ಅವಳು ಆಸ್ಪತ್ರೆಯ ಉಗ್ರಾಣದ ಗುಮಾಸ್ತನನ್ನು ಬರೆದಿದ್ದಳು. ಅತ್ತೆಯ ಮೂಗು ಅರಳಿತು.

“ಕಷ್ಟದ ಮನುಷ್ಯ ಅಂದ್ರೆ ಆ ಗುಮಾಸ್ತನಾ? ಮನೇಲಿ ನಾನಿರೋವಾಗ?”

ಮಾವನಿಗೆ ಇದು ಸ್ಪಷ್ಟವಾಗಿ ಕೇಳಿಸಿ ನಗು ಬಂತು, ಕೆಮ್ಮಿ ಮುಚ್ಚಿದ. ಸೊಸೆ ಮುಂದಿನ ಹಾಳೆ ತಿರುವಿದಳು.

“‘ಒಮ್ಮೆ ವಕೀಲರೊಬ್ಬರ ಕೋಟಿಗೆ ಇಸ್ತ್ರಿ ಹಾಕುವಾಗ ನನ್ನ ಅಜಾಗರೂಕತೆಯಿಂದ...’”

“ನಿಲ್ಲಿಸು.”

ಹಬೆಯ ಕೊಳವೆಯೂ ಬುಸುಗುಟ್ಟುವುದನ್ನು ನಿಲ್ಲಿಸಿತು.

“ಇದಕ್ಕೆ ನಾನು ಸಹಿ ಹಾಕಲ್ಲ.”

ಸೊಸೆಯ ಕೈಯಲ್ಲಿದ್ದ ಹಾಳೆಗಳ ಜತೆಗೇ ಅವಳ ಇಷ್ಟು ದಿನದ ಓದು, ಆಸೆ, ಗುಂಡಿ ಹೊಲಿಯುತ್ತ ಕಂಡ ಕನಸು, ಎಲ್ಲ ನೆಲಕ್ಕೆ ಜಾರಿದಂತಾಯಿತು. ಹ್ಯಾಂಗರುಗಳು ದೊಪ್ಪನೆ ಬಿದ್ದ ಸದ್ದಾಯಿತು. ಮಾತನಾಡಿದ್ದು ಗಂಡ. ಹುಟ್ಟಿದಾಗಿನಿಂದ ಗಂಟಲಲ್ಲಿ ಕೂಡಿಟ್ಟದ್ದೆಲ್ಲ ಒಂದೇ ಸಲ ಹೊರಬಂದಿತ್ತು.

“ಸಾಕಮ್ಮ. ಒಂದು ಸಲ ಅವಳ ಕೈ ತಪ್ತು. ಅದನ್ನ ಅವಳೇ ತನ್ನ ಕೈಯಾರೆ ಬರ್ಕೊಂಡಿದ್ದಾಳೆ. ಇನ್ನೂ ಎಷ್ಟು ದಿನ ಆ ಕೋಟು ಹಿಡ್ಕೊಂಡು ಅವಳನ್ನ ಅರೀತೀಯ? ಸಹಿ ಹಾಕು, ಇಲ್ಲಾಂದ್ರೆ ನಾವಿಬ್ರೂ ಈ ಮನೆ ಬಿಟ್ಟು ಹೋಗ್ತೀವಿ.”

ಅತ್ತೆ ಮಗನ ಕಡೆ ತಿರುಗಿದಳು. ಅವನು ನಿಂತದ್ದಕ್ಕಿಂತ ಒಂದು ಮೊಳ ಆಚೆಗೆ ಅವಳ ನೋಟ ನೆಟ್ಟಿತ್ತು. ಸೊಸೆಗೆ ಮಾತ್ರ ಅದು ಕಂಡಿತು.

“ಸುಳ್ಳಿಗೆ ಸಹಿ ಹಾಕಲ್ಲ ಅಂದೆ ಕಣೋ,” ಎಂದಳು ಅತ್ತೆ. ದನಿ ಎಂದಿಲ್ಲದಷ್ಟು ಸಣ್ಣಗಿತ್ತು. “ಆ ಕೋಟು ಸುಟ್ಟಿದ್ದು ನಾನು.”

ಗಂಡ ಹೆಂಡತಿಯ ಕಡೆ ನೋಡಿದ. ನೀನ್ಯಾಕೆ ಹೇಳಲಿಲ್ಲ ಎಂದು ಅವನ ಕಣ್ಣು ಕೇಳುತ್ತಿತ್ತು. ಅವಳಿಗೆ ಮೊದಲು ಹೆದರಿಕೆ, ಆಮೇಲೆ ಮರುಕ, ಆಮೇಲೆ ರೂಢಿ... ಅದರ ಕೆಳಗೆ ಇನ್ನೂ ಒಂದು ಇತ್ತು, ಅವಳು ಯಾರ ಮುಂದೆಯೂ ಆಡಲಾರದ್ದು. ತಾನು ಸಹಿಸುತ್ತಿದ್ದೇನೆ, ತಾನೇ ದೊಡ್ಡವಳು ಎಂಬ ಒಂದು ಗುಟ್ಟಿನ ಹೆಮ್ಮೆ. ಅದನ್ನು ಅವಳು ಒಂದು ವರ್ಷ ಮುಲಾಮಿನ ಜತೆ ತನಗೂ ಹಚ್ಚಿಕೊಂಡಿದ್ದಳು.

ಅತ್ತೆ ಈಗ ಯಾರನ್ನೂ ನೋಡದೆ ಮಾತನಾಡಿದಳು. “ಈ ಬೀದಿ ಮಟ್ಟಿಗೆ ನಿನ್ನ ತಲೆಗೆ ಕಟ್ಟಿದೆ, ನೀನೂ ಕಟ್ಟಿಸ್ಕೊಂಡೆ. ಅದು ಬೇರೆ. ನನ್ನ ಕೈಯಲ್ಲಿ ಕೆಲಸ ಕಲಿತೋಳು ಕೋಟು ಸುಟ್ಟಳು ಅಂತ ಸರ್ಕಾರದ ಫೈಲಲ್ಲಿ ಕೂರಬೇಕಾ? ಯಾವನೋ ಅಧಿಕಾರಿ ಅದನ್ನ ಓದಿ ನಗಬೇಕಾ? ನಾನು ಹಾಗೆ ಕಲಿಸಿದ್ದೀನಾ ನಿನಗೆ?”

ಸೊಸೆಯ ಕಣ್ಣು ತುಂಬಿತು. ಇಷ್ಟು ವರ್ಷದಲ್ಲಿ ಅತ್ತೆಯ ಬಾಯಿಂದ ಬಂದ ಮೊದಲ ಮೆಚ್ಚುಗೆ ಅದು, ಅದೂ ಬೈಗುಳದ ಅಂಗಿ ತೊಟ್ಟೇ ಬಂದಿತ್ತು.

“ನನ್ನ ಬೆನ್ನ ಹಿಂದೆ ಎಲ್ಲಾನೂ ಮತ್ತೆ ಇಸ್ತ್ರಿ ಹಾಕ್ತೀಯಲ್ಲ, ಗೊತ್ತಿಲ್ಲ ಅಂದ್ಕೊಂಡ್ಯಾ? ಕಣ್ಣು ಹೋಗಿದೆ, ಮೂಗು ಹೋಗಿಲ್ಲ. ಬಿಸಿ ಹತ್ತಿಯ ವಾಸನೆ ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತಾಗಲ್ವಾ?” ಅತ್ತೆ ಮೇಜಿನ ಅಂಚು ಹಿಡಿದು ನಿಂತಳು. ಒಂಟಿಯಾಗಿ ಕಣ್ಣಿನ ಡಾಕ್ಟರ ಬಳಿ ಹೋಗಿಬಂದದ್ದನ್ನು, ನರ ಒಣಗುತ್ತಿದೆಯಂತೆ, ಇನ್ನು ಚಿಗುರುವುದಿಲ್ಲವಂತೆ ಎಂಬುದನ್ನು, ಗಿರಾಕಿಯ ಬಟ್ಟೆ ನಾಳೆ ಸಿಗುತ್ತದೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು. ಸೊಸೆ ಹೋದರೆ ವಾರದೊಳಗೆ ಊರಿಗೆಲ್ಲ ಗೊತ್ತಾಗಿಬಿಡುತ್ತದೆ ಎಂಬ ದಿಗಿಲಿಗೇ ಈ ಅರ್ಜಿಯ ಸುದ್ದಿ ಬಂದಾಗಿನಿಂದ ಅವಳನ್ನು ಹುರಿದು ತಿಂದದ್ದು ಎಂದೂ ಹೇಳಿದಳು. ಮಾವ ಒದ್ದೆ ಕೈಯಲ್ಲೇ ಬಂದು ಹೆಂಡತಿಯ ಪಕ್ಕ ನಿಂತ. ಅವನ ಕಿವಿ ಆ ದಿನ ಒಂದು ಮಾತನ್ನೂ ತಪ್ಪಿಸಲಿಲ್ಲ.

“ನಿಜ ಬರಿ,” ಎಂದಳು ಅತ್ತೆ.

“ಬೇಡ ಅತ್ತೆ...” ಸೊಸೆ ಬಿಕ್ಕಿದಳು. “ನಿಜ ಬರೆದ್ರೆ ನೀವು ಈ ಮೇಜು ಬಿಡಬೇಕಾಗುತ್ತೆ. ಈ ಮೇಜು ಬಿಟ್ಟು ನೀವು ಹೇಗೆ... ನನಗೆ ಈ ಅರ್ಜಿನೇ ಬೇಡ.”

“ಹೌದು, ಬೇಡ. ನಾಳೆಯಿಂದ ಮತ್ತೆ ನನ್ನ ಹಿಂದೆ ನಿಂತು ಕದ್ದು ಇಸ್ತ್ರಿ ಹಾಕು. ಒಂದಿನ ನಾನು ಅಂಗಡಿಗೇ ಬೆಂಕಿ ಇಡ್ತೀನಿ. ಆಗ ಅದನ್ನ ಯಾವ ಅರ್ಜಿಲಿ ಬರೀತೀಯ?”

ಇದಕ್ಕೆ ಎದುರಾಡಲು ಯಾವ ಪದವೀಧರೆಗೆ ಸಾಧ್ಯ? ಸೊಸೆ ಕಣ್ಣೊರೆಸಿಕೊಂಡು ಕಾಗದ ಸುತ್ತುವ ಮೇಜಿಗೆ ಬಗ್ಗಿದಳು. ಹೊರಗೆ ಗಿರಾಕಿಗಳು ಗಂಟೆ ಬಾರಿಸಿದರು, ಯಾರೂ ಹೋಗಲಿಲ್ಲ. ಸೂರ್ಯ ಕಚೇರಿಯ ಗುಮಾಸ್ತರಿಗಿಂತ ಮೊದಲು ಮನೆಗೆ ಹೋಗುವ ಅವಸರದಲ್ಲಿದ್ದ. ಇಷ್ಟು ದಿನ ಒಂದೊಂದು ಸಾಲಿಗೂ ಹೆಣಗಿದವಳ ಕೈಯಿಂದ ಈಗ ಮಾತು ನಲ್ಲಿ ಬಿಟ್ಟ ಹಾಗೆ ಬಂತು. ಬರೆದು ಮುಗಿಸಿ, ಎದ್ದು ನಿಂತು, ಓದಿದಳು.

“‘ನನ್ನ ಜತೆ ಕೆಲಸ ಮಾಡುವ ಹಿರಿಯರೊಬ್ಬರ ಕಣ್ಣು ಮಂಜಾಗುತ್ತಿರುವುದು ನನಗೆ ಗೊತ್ತಿತ್ತು. ನಾನು ಅದನ್ನು ಒಂದು ವರ್ಷ ಮುಚ್ಚಿಟ್ಟೆ. ಅವರ ತಪ್ಪನ್ನು ನನ್ನ ಮೇಲೆ ಹಾಕಿಕೊಂಡೆ, ಅವರ ಕೆಲಸವನ್ನು ಗುಟ್ಟಾಗಿ ತಿದ್ದಿದೆ. ಅವರ ಮಾನ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ನಾನು ಕಾದದ್ದು ಜಗಳವಿಲ್ಲದ ಮನೆಯನ್ನು. ಅವರ ಕೈಯ ಮೇಲೆ ಸುಟ್ಟ ಗಾಯಗಳು ಹೆಚ್ಚುತ್ತಲೇ ಹೋದವು. ದಿನವೂ ಮುಲಾಮು ಹಚ್ಚಿದೆ. ಆ ಕೈಯಿಂದ ಪೆಟ್ಟಿಗೆಯನ್ನು ತೆಗೆದುಕೊಳ್ಳುವ ಧೈರ್ಯ ಮಾಡಲಿಲ್ಲ...’”

“ಹಿರಿಯರೊಬ್ಬರು ಅಂತ ಯಾಕೆ ಬರೆದೆ? ಅತ್ತೆ ಅಂತ ಬರಿ. ಸರ್ಕಾರ ಏನು ನನ್ನ ಬೀಗರಾ, ನಾಚ್ಕೊಳ್ಳೋಕೆ?” ಎಂದಳು ಅತ್ತೆ. “ಆಮೇಲೆ? ಮುಗೀತಾ?”

ಮುಗಿದಿರಲಿಲ್ಲ. ಏನಾಯಿತು, ಏನು ಮಾಡಿದಿರಿ ಎಂಬೆರಡು ಆಗಿತ್ತು. ಅದರಿಂದ ಏನು ಬದಲಾಯಿತು ಎಂಬಲ್ಲಿ ಅರ್ಧ ಹಾಳೆ ಖಾಲಿ ಬಿದ್ದಿತ್ತು. ಬದಲಾಗಿದ್ದರೆ ತಾನೇ ಬರೆಯುವುದು? ಸೊಸೆ ಅದನ್ನು ತಗ್ಗಿದ ದನಿಯಲ್ಲಿ ಹೇಳಿದಳು.

ಅತ್ತೆ ಗೋಡೆಯ ಕಡೆ ತಿರುಗಿ, ತಡಕಾಡಿ, ಸ್ವಿಚ್ಚು ಆರಿಸಿ ಪ್ಲಗ್ಗನ್ನು ಕಿತ್ತಳು. ತಂತಿಯನ್ನು ಸುತ್ತಿ ಸುತ್ತಿ, ತನ್ನ ಬದುಕನ್ನೇ ಸುತ್ತಿದಷ್ಟು ನಿಧಾನವಾಗಿ ಸುತ್ತಿ, ಪೆಟ್ಟಿಗೆಯ ಹಿಡಿಯನ್ನು ಮಗನ ಕೈಗಿಟ್ಟಳು. ಎಷ್ಟೋ ವರ್ಷದ ಹಿಡಿತಕ್ಕೆ ಆ ಮರದ ಹಿಡಿಯಲ್ಲಿ ಅವಳ ಬೆರಳುಗಳ ಅಚ್ಚು ಬಿದ್ದಿತ್ತು. ಅವಳಿಲ್ಲದ ಆ ಮೇಜು ತಾಯಿ ಎದ್ದುಹೋದ ಹಾಸಿಗೆಯಂತೆ ಕಂಡಿತು. ಮಾವ ಮುಖ ತಿರುಗಿಸಿ ಒದ್ದೆ ಟವೆಲಿನಲ್ಲಿ ಕಣ್ಣು ಒತ್ತಿಕೊಂಡ.

“ಈಗ ಬರ್ಕೋ,” ಎಂದಳು ಅತ್ತೆ.

ಸೊಸೆ ಬರೆದಳು. ಬರೆದದ್ದನ್ನು ಅತ್ತೆಯ ಮುಂದಿಟ್ಟು, ಸಹಿಯ ಗೆರೆಯ ಕೆಳಗೆ ತನ್ನ ತೋರುಬೆರಳು ಚಾಚಿ ಇಟ್ಟಳು. ಅತ್ತೆ ಎಡಗೈಯಿಂದ ಆ ಬೆರಳನ್ನು ಮುಟ್ಟಿ ನೋಡಿ, ಅದರ ಉದ್ದಕ್ಕೂ ಪೆನ್ನು ಎಳೆದಳು. ಸಹಿಯ ಕೊನೆಯ ಅಕ್ಷರ ಸೊಸೆಯ ಉಗುರಿನ ಮೇಲೆ ಬಿತ್ತು.

ಆಮೇಲಿನ ಸ್ಕೂಟರ್ ಸವಾರಿಯನ್ನು ವರ್ಣಿಸಿದರೆ ಯಾರೂ ನಂಬಲಾರರು. ಗಂಡ ಓಡಿಸಿದ ವೇಗಕ್ಕೆ ಎದುರಿನಿಂದ ಬಂದ ಗಾಳಿಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಕಚೇರಿಯ ಗುಮಾಸ್ತ ಕಿಟಕಿಯ ಬಾಗಿಲು ಎಳೆಯುತ್ತಿದ್ದಾಗ ಅರ್ಜಿಯೂ ಸೊಸೆಯ ಅರ್ಧ ತೋಳೂ ಒಟ್ಟಿಗೆ ಒಳಗೆ ಹೋದವು. ಅವನು ಗೊಣಗುತ್ತಲೇ ಮುದ್ರೆ ಒತ್ತಿದ.

ಕಾಯುವ ದಿನಗಳಲ್ಲಿ ಆ ಮನೆಯಲ್ಲಿ ಯಾರಿಗೂ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಅತ್ತೆ ಗಿರಾಕಿಗಳ ಬೆಂಚಿನ ಮೇಲೆ ಕೂರತೊಡಗಿದಳು, ತನ್ನ ಅಂಗಡಿಯಲ್ಲಿ ತಾನೇ ಗಿರಾಕಿಯಂತೆ. ವಕೀಲರು ಬಂದ ದಿನ ಎದ್ದು ನಿಂತು, ಕೋಟು ಸುಟ್ಟವಳು ಸೊಸೆ ಅಲ್ಲ ಎಂದಳು. ಅವರು ಆ ಕೋಟನ್ನು ಯಾವಾಗಲೋ ಮರೆತಿದ್ದರು. ಮಗ ಇಸ್ತ್ರಿ ಹಾಕಿದ ಪ್ರತಿ ಬಟ್ಟೆಯನ್ನೂ ಮಡಿಲಿಗೆ ತರಿಸಿಕೊಂಡು ಬೆರಳಲ್ಲಿ ಸವರಿ ನೋಡುವಳು, ಇದು ಅಂಗಿಯೋ ಅಗಿದುಗಿದ ಎಲೆಯೋ ಎಂದು ಕೇಳುವಳು. ಒಮ್ಮೊಮ್ಮೆ ಅವಳ ಬಲಗೈ ಗಾಳಿಯಲ್ಲೇ ಹಿಂದೆ ಮುಂದೆ ಆಡುತ್ತಿತ್ತು. ಅದನ್ನು ಕಂಡ ಸೊಸೆ ಏನಾದರೂ ಕೆಲಸದ ನೆಪದಲ್ಲಿ ಒಳಗೆ ಹೋಗುತ್ತಿದ್ದಳು.

ಸಂದರ್ಶನಕ್ಕೆ ಕರೆ ಬಂತು. ಉದ್ದ ಮೇಜಿನ ಆಚೆ ಕೂತವರು ಕಾನೂನು ಕೇಳಿದರು, ಆಡಳಿತ ಕೇಳಿದರು. ಕೊನೆಗೆ, ಅಷ್ಟು ಹೊತ್ತೂ ಸುಮ್ಮನಿದ್ದ ನರೆಗೂದಲಿನ ಅಧಿಕಾರಿಣಿಯೊಬ್ಬರು ಹಾಳೆ ತಿರುವಿ, ನಿಮ್ಮ ಅತ್ತೆ ಈಗ ಹೇಗಿದ್ದಾರೆ ಎಂದರು.

“ಇಸ್ತ್ರಿ ಬಿಟ್ಟಿದ್ದಾರೆ ಮೇಡಂ. ನನ್ನನ್ನ ಬೈಯೋದು ಬಿಟ್ಟಿಲ್ಲ.”

ಮೇಜಿನ ಆಚೆ ಎದ್ದ ನಗು ಮೂರು ಇಲಾಖೆಗಳ ಆಚೆಗೂ ಕೇಳಿಸಿತಂತೆ. ಆಯ್ಕೆಯಾದವರ ಸಾಲಿನಲ್ಲಿ ಅವಳೂ ಇದ್ದಳು. ತರಬೇತಿ ದೂರದ ಊರಿನಲ್ಲಿ.

ಹೊರಡುವ ಬೆಳಿಗ್ಗೆ ಗಂಡ ಅವಳಿಗಾಗಿ ಒಂದು ತಿಳಿನೀಲಿ ಅಂಗಿಯನ್ನು ಇಸ್ತ್ರಿ ಹಾಕಿ ಕೊಟ್ಟಿದ್ದ. ಪ್ರಯಾಣದ ಚೀಲ ಹೊರಗಿಟ್ಟು ಅವಳು ಬೆಂಚಿನ ಬಳಿ ಬಂದು, ಹೋಗಿ ಬರ್ತೀನಿ ಅತ್ತೆ ಎಂದಳು. ಅತ್ತೆ ಎದ್ದು ನಿಂತು, ಅವಳನ್ನು ಭುಜ ಹಿಡಿದು ತಿರುಗಿಸಿ, ಕಾಲರಿನಿಂದ ಬೆರಳಾಡಿಸುತ್ತ ಬಂದಳು. ಕಾಲರು, ಭುಜ, ತೋಳು, ಕಫ್ಫು.

“ಬೆನ್ನಲ್ಲೊಂದು ಸುಕ್ಕಿದೆ,” ಎಂದಳು. “ಇವನಿಗೆ ಸಾವಿರ ಸಲ ಹೇಳಿದ್ದೀನಿ. ನಿಲ್ಲು, ಅಲ್ಲಾಡಬೇಡ.”

ಗಂಡ ಬಾಗಿ ನೋಡಿದ. ಬೆನ್ನ ಮೇಲೆ ಎಲ್ಲೂ ಸುಕ್ಕಿರಲಿಲ್ಲ. ಅವನು ಬಾಯಿ ತೆರೆದ. ಮಾವ ಅವನ ಮೊಣಕೈ ಹಿಡಿದ. ಅತ್ತೆ ಅಂಗೈಯಗಲಿಸಿ ಸೊಸೆಯ ಬೆನ್ನನ್ನು ಮೇಲಿನಿಂದ ಕೆಳಗೆ, ಮೇಲಿನಿಂದ ಕೆಳಗೆ ಸವರುತ್ತಲೇ ಇದ್ದಳು... ಸೊಸೆ ಅಲ್ಲಾಡದೆ ನಿಂತಿದ್ದಳು.